‘ಅಲ್ಲಿ ಸಿಗುವುದಿಲ್ಲ’ ಎಂಬ ನೆಪ

ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಿನ ಅಕ್ಕಿ ಮನೆಗೆ ಬಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಪತಿಗೆ ಹೇಳಿದ ಪ್ರಸಂಗ ಸದ್ಭಕ್ತರೆಲ್ಲರಿಗೂ ತಿಳಿದದ್ದೇ. ಇದನ್ನು ವ್ಯಾಖ್ಯಾನಿಸುವವರು ಸಾಮಾನ್ಯವಾಗಿ ಅತಿಯಾಸೆಯ ನಿಷೇಧವನ್ನು ಎತ್ತಿ ತೋರಿಸಿ ಮುಂದೆ ಸಾಗುತ್ತಾರೆ. ಅದಕ್ಕೂ ಮೊದಲಿನ ಸಂಗತಿಯೊಂದು ಗಮನಕ್ಕೆ ಬಾರದೆ ಉಳಿಯುತ್ತದೆ. ಆ ದಂಪತಿಗಳ ಅನ್ನ ಆಯ್ದ ಅನ್ನ. ಬೆನ್ನು ಬಗ್ಗಿಸಿ, ಮಣ್ಣಿನಿಂದ ಕಾಳನ್ನು ಬೇರ್ಪಡಿಸಿ, ತಮ್ಮ ಮಡಕೆಗೆ ಯಾವುದು ಸಲ್ಲುತ್ತದೆ ಯಾವುದು ಸಲ್ಲದು ಎಂದು ಕಣ್ಣಾರೆ ನೋಡಿ ತಂದ ಅನ್ನ. ಆಯುವ ಶ್ರಮವೇ ಅವರ ಹೆಸರಾಗಿ ನಿಂತಿತು.

ವಿದೇಶಗಳಲ್ಲಿ ನೆಲೆಸಿ ರಜೆಗೆಂದು ಊರಿಗೆ ಬರುವ ಭಕ್ತರ ಬಾಯಲ್ಲಿ ಇಂದು ಕೇಳಿಬರುವ ಮಾತೇ ಬೇರೆ: ‘ಅಲ್ಲಿ ಏನೂ ಸಿಗುವುದಿಲ್ಲ.’ ಈ ಒಂದು ಮಾತಿನಿಂದ ಎರಡು ದಾರಿಗಳು ಒಡೆಯುತ್ತವೆ. ಸಿಗುವುದಿಲ್ಲವಾದ್ದರಿಂದ ಸಿಕ್ಕಿದ್ದನ್ನು ಉಂಡೆವು ಎಂದು ಹಿಡಿದ ನೇಮವನ್ನು ಇಳಿಸಿಟ್ಟವರದು ಒಂದು ದಾರಿ. ಬ್ರೆಡ್ಡು, ಬಾಳೆಹಣ್ಣು, ಆಲೂಗಡ್ಡೆಯ ಚಿಪ್ಸುಗಳಲ್ಲಿ ವರ್ಷಗಳನ್ನು ಕಳೆದು, ಆ ನಾಡಿನ ಜನರೆಲ್ಲ ಕಂಡದ್ದನ್ನು ತಿನ್ನುವ ಕ್ರೂರಿಗಳೆಂದು ಜರೆಯುತ್ತ ಮರಳುವವರದು ಇನ್ನೊಂದು. ಮೊದಲನೆಯವರನ್ನು ಸಮಾಜ ಜಾರಿದವರೆಂದೂ ಎರಡನೆಯವರನ್ನು ನಿಷ್ಠಾವಂತರೆಂದೂ ಬಗೆಯುತ್ತದೆ. ಈ ಎಣಿಕೆ ಸರಿಯಲ್ಲ. ಇಬ್ಬರೂ ಬೆನ್ನು ಬಗ್ಗಿಸಿ ಆಯಲಿಲ್ಲ. ಇಬ್ಬರದೂ ಒಂದೇ ಮೈಗಳ್ಳತನ.

ಈ ಮಾತನ್ನು ಉಜ್ಜಿ ನೋಡಲು ಜಪಾನ್ ದೇಶದಂತಹ ಒರೆಗಲ್ಲು ಇನ್ನೊಂದಿಲ್ಲ. ಟೋಕಿಯೊ ನಗರದ ಎಡೊಗಾವಾ ವಿಭಾಗದ ನಿಶಿಕಸಾಯಿ ಎಂಬ ಬಡಾವಣೆಯಲ್ಲಿ 2000ದ ಆಸುಪಾಸಿನಿಂದ ಭಾರತದ ಸಾಫ್ಟ್‌ವೇರ್ ಎಂಜಿನಿಯರರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಸಸ್ಯಾಹಾರಿಗೆ ಅತ್ಯಂತ ಕಷ್ಟದ ನಾಡುಗಳ ಸಾಲಿನಲ್ಲಿ ಅದರ ಹೆಸರು ಮೊದಲಿಗೇ ಬರುತ್ತದೆ.

ಕಷ್ಟ ಇಲ್ಲವೆಂದು ವಾದಿಸುವುದು ಅಪ್ರಾಮಾಣಿಕತೆಯಾದೀತು. ಕಷ್ಟವಿದೆ, ಮತ್ತು ಅದು ಕಣ್ಣಿಗೆ ಕಾಣದ ಬಗೆಯದು. ಜಪಾನೀ ಅಡುಗೆಯ ತಳಹದಿ ‘ದಾಶಿ’ ಎಂಬ ಕಟ್ಟು. ಕೊಂಬು ಎಂಬ ಕಡಲಪಾಚಿಯನ್ನೂ ‘ಕಾತ್ಸುಒಬುಶಿ’ ಎಂಬ ಒಣಮೀನನ್ನೂ ಬಿಸಿನೀರಿನಲ್ಲಿಟ್ಟು ಸಾರ ತೆಗೆಯುವುದು ಅದರ ಸಾಮಾನ್ಯ ಕ್ರಮ. ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಂತಾಗುವವರೆಗೆ ಒಣಗಿಸಿ, ಬಡಗಿ ಮರ ಹೆರೆಯುವಂತೆ ಹೆರೆದು ನೀರಿಗೆ ಹಾಕಿ ಶೋಧಿಸುತ್ತಾರೆ. ತಟ್ಟೆಯಲ್ಲಿ ಮೀನಿನ ಚೂರೂ ಇರುವುದಿಲ್ಲ, ಆದರೆ ಮೀನಿನ ಸಾರ ಎಲ್ಲೆಲ್ಲಿಯೂ ಇರುತ್ತದೆ: ಮಿಸೊ ಸಾರಿನಲ್ಲಿ, ಉದೊನ್ ಮತ್ತು ಸೊಬಾ ಶ್ಯಾವಿಗೆಯ ಕಟ್ಟಿನಲ್ಲಿ, ಬೇಯಿಸಿದ ಮೂಲಂಗಿ ಕುಂಬಳಕಾಯಿಗಳಲ್ಲಿ, ಕರಿದ ತರಕಾರಿಯನ್ನು ಅದ್ದಿಕೊಳ್ಳುವ ರಸದಲ್ಲಿ. ತೊಫುವನ್ನು ನೋಡಿ ನಿರಾಳವಾದವನು ಅದರ ಮೇಲೆ ಸುರಿದ ರಸವನ್ನು ಮರೆತಿರುತ್ತಾನೆ.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ಅಲ್ಲಿ ‘ನಿಕು’ ಎಂದರೆ ಮಾಂಸ. ದನ, ಹಂದಿ, ಕೋಳಿ ಅದರಲ್ಲಿ ಸೇರುತ್ತವೆ, ಮೀನು ಸೇರದು. ಆದ್ದರಿಂದ ‘ನಿಕು ಬೇಡ’ ಎಂದವನ ಮುಂದೆ ಮೀನನ್ನು ತಂದಿಟ್ಟ ಪರಿಚಾರಕನು ಮೋಸ ಮಾಡಿದನೆಂದು ಕೂಗಾಡುವುದರಲ್ಲಿ ಅರ್ಥವಿಲ್ಲ. ಕೇಳಿದ್ದನ್ನೇ ಅವನು ಕೊಟ್ಟಿದ್ದಾನೆ. ಭಾರತದಲ್ಲಿಯೂ ಬಂಗಾಳದ ಬ್ರಾಹ್ಮಣರು, ಕರಾವಳಿಯ ಸಾರಸ್ವತರು ಮೀನನ್ನು ಉಣ್ಣುತ್ತಾರೆ. ಗೆರೆಯನ್ನು ಎಲ್ಲರೂ ಒಂದೇ ಕಡೆ ಎಳೆದಿಲ್ಲ. ಹಾಲು ಸಲ್ಲುತ್ತದೆ, ಮೊಟ್ಟೆ ಸಲ್ಲದು ಎಂಬ ಭಾರತೀಯ ಗೆರೆ ಜಪಾನಿನವರಿಗೆ ವಿಚಿತ್ರವಾಗಿ ತೋರಿದರೆ ಅದೇನೂ ಅಪರಾಧವಲ್ಲ. ಭಾರತದಲ್ಲಿ 2001ರಿಂದ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಈ ವಿಚಾರಣೆಯ ಹೊರೆಯನ್ನೆಲ್ಲ ತಾನೇ ಹೊತ್ತಿದೆ. ಚುಕ್ಕೆಯನ್ನು ನೋಡಿ ಕೊಳ್ಳುವ ಅಭ್ಯಾಸ ಒಂದು ತಲೆಮಾರಿನ ಕಣ್ಣನ್ನೇ ಮಂಜಾಗಿಸಿದೆಯೆಂದರೆ ತಪ್ಪಾಗದು. ಚುಕ್ಕೆ ಇಲ್ಲದ ನಾಡಿನಲ್ಲಿ ಇಳಿದೊಡನೆ ಆ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಜಪಾನಿನ ಕೃಷಿ ಸಚಿವಾಲಯವೂ 2022ರಲ್ಲಿ ಸಸ್ಯಾಹಾರಕ್ಕೆ ಮಾನದಂಡವೊಂದನ್ನು ರೂಪಿಸಿತು. ಆದರೆ ಅದು ಐಚ್ಛಿಕ, ಎಲ್ಲ ಪೊಟ್ಟಣಗಳ ಮೇಲೂ ಅದರ ಗುರುತನ್ನು ಹುಡುಕುತ್ತ ನಿಂತರೆ ಪ್ರಯೋಜನವಿಲ್ಲ.

ಹಾಗಾದರೆ ಓದಬೇಕು. ಜಪಾನಿನ ಪೊಟ್ಟಣಗಳ ಮೇಲೆ ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಮುಂತಾದವು ಇದ್ದರೆ ಅಲರ್ಜಿಯ ಕಾರಣಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯಿದೆಯಿದೆ. ದಾಶಿಯ ಒಣಮೀನು ಆ ಕಡ್ಡಾಯದ ಪಟ್ಟಿಯಲ್ಲಿಲ್ಲ. ಆದ್ದರಿಂದ ಆ ಚೌಕವನ್ನಷ್ಟೇ ನೋಡಿದರೆ ಸಾಲದು, ಸಾಮಗ್ರಿಗಳ ಸಾಲನ್ನು ಪೂರ್ತಿ ಓದಬೇಕು. ಬೇಕಾಗುವ ಅಕ್ಷರಗಳು ಬೆರಳೆಣಿಕೆಯವು: ಮಾಂಸ, ಮೀನು, ದನ, ಹಂದಿ, ಕೋಳಿ, ಮೊಟ್ಟೆ, ಹಾಲು, ಜೊತೆಗೆ ‘ಎಕಿಸು’ ಎಂದು ಬರೆದಿರುವ ಸಾರ, ‘ರಾದೊ’ ಎಂಬ ಹಂದಿಯ ಕೊಬ್ಬು, ‘ಜೆರಾಚಿನ್’ ಎಂಬ ಜೆಲಾಟಿನ್. ಕಂಪ್ಯೂಟರಿನ ಹಲವು ಭಾಷೆಗಳನ್ನು ಕಲಿತು ಸಮುದ್ರ ದಾಟಿದವನಿಗೆ ಹತ್ತು ಅಕ್ಷರಗಳು ಭಾರವಾಗುವುದಾದರೆ ಭಾರವಿರುವುದು ಅಕ್ಷರದಲ್ಲಲ್ಲ. ಈಗಂತೂ ಮೊಬೈಲಿನ ಕ್ಯಾಮೆರಾ ಹಿಡಿದರೆ ಅನುವಾದವೇ ತೆರೆಯ ಮೇಲೆ ಮೂಡುತ್ತದೆ. ಅದು ಎಡವುವುದೂ ಉಂಟು, ಆದ್ದರಿಂದ ಅಕ್ಷರ ಬಲ್ಲವನಿಗೇ ಅದು ನಿಜವಾದ ಸಹಾಯ.

ಓದುವುದರಲ್ಲಿಯೂ ವಿವೇಕ ಬೇಕು ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ದನದ ಮಾಂಸಕ್ಕೂ ಹಸುವಿನ ಹಾಲಿಗೂ ಮೊದಲ ಅಕ್ಷರ ಒಂದೇ, ‘ಗ್ಯೂ’. ಎರಡನೆಯ ಅಕ್ಷರ ನೋಡದವನು ಹಾಲನ್ನು ಬಿಟ್ಟು ಓಡುತ್ತಾನೆ, ಇಲ್ಲವೇ ಮಾಂಸವನ್ನು ಮನೆಗೆ ತರುತ್ತಾನೆ. ‘ಯೋಕಾನ್’ ಎಂಬ ಸಿಹಿತಿಂಡಿಯ ಹೆಸರಿನಲ್ಲಂತೂ ಕುರಿಯ ಅಕ್ಷರವೇ ಇದೆ. ಚೀನಾದಲ್ಲಿ ಅದು ಮೂಲತಃ ಕುರಿಮಾಂಸದ ತಿಳಿ. ಮಾಂಸವನ್ನು ತ್ಯಜಿಸಿದ ಬೌದ್ಧ ಸನ್ಯಾಸಿಗಳ ಕೈಯಲ್ಲಿ ಅದು ಕೆಂಪು ಅಜುಕಿ ಕಾಳಿನ ಖಾದ್ಯವಾಯಿತು, ಇಂದು ಕಾಳು, ಸಕ್ಕರೆ ಮತ್ತು ಕಡಲಪಾಚಿಯ ಅಂಟಿನಿಂದ ಸಿದ್ಧವಾಗುತ್ತದೆ. ಹೆಸರು ಕುರಿಯದಾಗಿ ಉಳಿಯಿತು, ತಿನಿಸು ಪೂರ್ಣ ಸಸ್ಯಾಹಾರವಾಯಿತು. ಹೆಸರನ್ನು ನೋಡಿ ಹೇಸುವವನಿಗೆ ಇದು ದಕ್ಕುವುದಿಲ್ಲ.

ಇಲ್ಲಿಯೇ ಆ ನಾಡನ್ನು ಜರೆಯುವವರ ಅಜ್ಞಾನವೂ ಬಯಲಾಗುತ್ತದೆ. ಜಪಾನಿನಲ್ಲಿ 675ರಲ್ಲಿ ತೆನ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿ ಆಜ್ಞೆ ಹೊರಡಿಸಿದನು. ಮೀನು ಎಂದೂ ಬಿಟ್ಟುಹೋಗಲಿಲ್ಲ, ಬೇಟೆಯೂ ಇತ್ತು. ಆದರೂ ಗೋಮಾಂಸ ಭಕ್ಷಣೆ ಶತಮಾನಗಳ ಕಾಲ ಅಲ್ಲಿ ಸಾಮಾನ್ಯ ರೂಢಿಯಾಗಿರಲಿಲ್ಲ. 1872ರಲ್ಲಿ ಮೇಜಿ ಚಕ್ರವರ್ತಿಯು ಬಹಿರಂಗವಾಗಿ ಗೋಮಾಂಸ ಸೇವಿಸಿದ ಮೇಲೆ ಅದು ಪಾಶ್ಚಾತ್ಯ ನಾಗರಿಕತೆಯ ಲಕ್ಷಣವೆಂದು ಹರಡಿತು. ಅದೇ ವರ್ಷ ಸನ್ಯಾಸಿಗಳ ಮಾಂಸಾಹಾರ ಮತ್ತು ವಿವಾಹದ ಮೇಲಿನ ಸರಕಾರಿ ನಿರ್ಬಂಧವೂ ತೆಗೆದುಹಾಕಲ್ಪಟ್ಟಿತು. ಹೊರನಾಡಿನವರಂತೆ ಉಂಡರೆ ಮುಂದುವರಿದವರಾಗುತ್ತೇವೆ ಎಂಬ ಭ್ರಮೆ ಅಂದಿನ ಟೋಕಿಯೊದಲ್ಲಿಯೂ ಇತ್ತು, ಇಂದಿನ ಬೆಂಗಳೂರಿನಲ್ಲಿಯೂ ಇದೆ. ಅದನ್ನು ಒಂದು ಜನಾಂಗದ ರಕ್ತದೋಷವೆಂದು ಕರೆಯುವವರಿಗೆ ಚರಿತ್ರೆಯ ಪರಿಚಯವಿಲ್ಲ.

ಇಷ್ಟಾದರೂ ಜಪಾನಿನ ಕೆಲವು ದೇಗುಲಗಳಲ್ಲಿ ‘ಶೋಜಿನ್ ರ್ಯೋರಿ’ ಎಂಬ ಸಸ್ಯಾಹಾರದ ಪದ್ಧತಿ ಉಳಿದು ಬಂದಿದೆ. ಕೋಯಾಸಾನ್ ಬೆಟ್ಟದ ದೇಗುಲಗಳ ವಸತಿಗೃಹಗಳಲ್ಲಿ ಯಾತ್ರಿಕರಿಗೆ ಇಂದಿಗೂ ಅದನ್ನೇ ಬಡಿಸುತ್ತಾರೆ. ಅಲ್ಲಿ ಮಾಂಸ, ಮೀನುಗಳಷ್ಟೇ ಅಲ್ಲದೆ ಈರುಳ್ಳಿ, ಬೆಳ್ಳುಳ್ಳಿಗಳೂ ವರ್ಜ್ಯ. ದಾಶಿಯನ್ನು ಕೊಂಬು ಮತ್ತು ಒಣ ಅಣಬೆಯಿಂದಲೇ ತೆಗೆಯುತ್ತಾರೆ. ಆ ಕಟ್ಟಿನ ರುಚಿ ಎಲ್ಲಿಂದ ಬರುತ್ತದೆ ಎಂದು ಹುಡುಕಿದ ಟೋಕಿಯೊದ ರಸಾಯನ ವಿಜ್ಞಾನಿ ಇಕೆದಾ ಕಿಕುನಾಎ 1908ರಲ್ಲಿ ಗ್ಲುಟಮೇಟನ್ನು ಗುರುತಿಸಿ ‘ಉಮಾಮಿ’ ಎಂದು ಹೆಸರಿಟ್ಟದ್ದು ಮೀನಿನಲ್ಲಿ ಅಲ್ಲ, ಕೊಂಬುವಿನಲ್ಲಿ. ಮೀನಿಲ್ಲದೆ ಜಪಾನೀ ಅಡುಗೆಯೇ ಇಲ್ಲ ಎನ್ನುವವರು ಈ ಎರಡು ಸಂಗತಿಗಳನ್ನು ಅರಿತಿಲ್ಲ.

ಸೋತೋ ಝೆನ್ ಪಂಥದ ಮೂಲಪುರುಷನಾದ ದೋಗೆನ್ 1223ರಲ್ಲಿ ಚೀನಾಕ್ಕೆ ಹೋದನು. ಕಲ್ಯಾಣದ ಶರಣರ ಕಾಲಕ್ಕೆ ಅಂದಿಗೆ ಇನ್ನೂ ಒಂದು ಶತಮಾನ ತುಂಬಿರಲಿಲ್ಲ. ಅವನೂ ಹೊರನಾಡಿನವನಾಗಿ ಹಡಗಿನಲ್ಲಿ ತಂಗಿದ್ದಾಗ, ಅಶೋಕ ಮಹಾರಾಜನ ಹೆಸರನ್ನೇ ಹೊತ್ತ ಬೆಟ್ಟದ ವಿಹಾರದಿಂದ ಅಡುಗೆಯ ಹೊಣೆ ಹೊತ್ತ ವೃದ್ಧ ಸನ್ಯಾಸಿಯೊಬ್ಬನು ಸಾಮಗ್ರಿ ಕೊಳ್ಳಲು ಬಂದನು. ರಾತ್ರಿ ತಂಗಿ ಹೋಗೆಂದರೆ, ನಾಳಿನ ಅಡುಗೆ ತನ್ನದೆಂದು ಒಪ್ಪಲಿಲ್ಲ. ಈ ಮುಪ್ಪಿನಲ್ಲಿ ಧ್ಯಾನ, ಅಧ್ಯಯನಗಳನ್ನು ಬಿಟ್ಟು ಒಲೆಯ ಮುಂದೇಕೆ ಎಂದು ದೋಗೆನ್ ಕೇಳಿದಾಗ ಆ ವೃದ್ಧನು ನಕ್ಕು, ಸಾಧನೆಯೆಂದರೇನೆಂದು ಈ ವಿದೇಶಿ ಗೆಳೆಯನಿಗೆ ಇನ್ನೂ ತಿಳಿದಿಲ್ಲ ಎಂದುಬಿಟ್ಟನು. ದೋಗೆನ್ ನಾಚಿದನು, 1237ರಲ್ಲಿ ವಿಹಾರದ ಅಡುಗೆಯವನ ಕರ್ತವ್ಯವನ್ನು ಕುರಿತೇ ಗ್ರಂಥ ಬರೆದನು. ಕಾಯಕವನ್ನು ಬಲ್ಲವರಿಗೆ ಈ ನಗುವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನಲ್ಲಿ ಕುಳಿತ ಹಿರಿಯರೂ ಇಲ್ಲಿ ಉತ್ತರ ಹೇಳಬೇಕಾದವರೇ. ಮಗ ವಿಮಾನ ಹತ್ತುವಾಗ ಪೆಟ್ಟಿಗೆಯ ತುಂಬ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಟಕ ರೊಟ್ಟಿಗಳನ್ನು ತುಂಬುವ ಮನೆಯಲ್ಲಿ ಅವನಿಗೆ ಅಕ್ಕಿ ತೊಳೆಯುವುದನ್ನು ಕಲಿಸಿರುವುದಿಲ್ಲ. ಅಡುಗೆ ಹೆಣ್ಣಿನ ಕೆಲಸವೆಂದು ಇಪ್ಪತ್ತೈದು ವರ್ಷ ಕಲಿಸಿ, ಆಮೇಲೆ ಹೋಟೆಲಿನಲ್ಲಿ ಉಂಡನೆಂದು ಅಳುವುದು ಯಾವ ನ್ಯಾಯ? ಗಂಡು ಆಯ್ದು ತಂದು ಹೆಣ್ಣು ಅಟ್ಟು ಇಬ್ಬರೂ ದಾಸೋಹ ನಡೆಸಿದ ಮನೆಯನ್ನು ಸ್ಮರಿಸುವವರಿಗೆ ಇದು ಒಪ್ಪುವ ಮಾತಲ್ಲ. ಚಟ್ನಿಪುಡಿ ಎರಡು ತಿಂಗಳಿಗೆ ಮುಗಿಯುತ್ತದೆ. ನಿಶಿಕಸಾಯಿಯ ಭಾರತೀಯ ಅಂಗಡಿಗಳಲ್ಲಿ ತೊಗರಿಬೇಳೆ ಸಿಗುತ್ತದೆ. ಸಾಮಾನ್ಯ ಜಪಾನೀ ಅಂಗಡಿಯಲ್ಲಿಯೇ ತೊಫು, ತಾವರೆಬೇರು, ಗೆಣಸು, ಮೂಲಂಗಿ, ಕುಂಬಳ, ಎಳ್ಳು, ಬಗೆಬಗೆಯ ಅಣಬೆಗಳಿವೆ. ‘ನತ್ತೊ’ ಎಂಬ ಹುದುಗಿಸಿದ ಸೋಯಾ ಕಾಳು ಶುದ್ಧ ಸಸ್ಯಾಹಾರ. ಅದರೊಡನೆ ಬರುವ ಪುಟ್ಟ ಪೊಟ್ಟಣದ ರಸದಲ್ಲಿ ಮಾತ್ರ ಸಾಮಾನ್ಯವಾಗಿ ಮೀನಿನ ಸಾರವಿರುತ್ತದೆ. ಅದನ್ನು ಬದಿಗಿಟ್ಟು ಕಾಳನ್ನು ಉಣ್ಣಬಹುದು. (ಅದರ ವಾಸನೆಯನ್ನು ಸಹಿಸುವುದು ಬೇರೆಯೇ ತಪಸ್ಸು.)

ಸುಳ್ಳಿನ ಮಾತನ್ನು ಇಲ್ಲಿ ಹೇಳಲೇಬೇಕು. ಹೋಟೆಲಿನಲ್ಲಿ ‘ಮೀನು ಅಲರ್ಜಿ’ ಎಂದುಬಿಟ್ಟರೆ ಕೆಲಸ ಸುಲಭವೆಂಬ ಉಪಾಯ ವಿದೇಶಗಳಲ್ಲಿರುವ ಸಸ್ಯಾಹಾರಿಗಳ ನಡುವೆ ಬಹಳ ಪ್ರಚಾರದಲ್ಲಿದೆ. ಪ್ರಾಣಿಯ ಮೇಲಿನ ದಯೆಗಾಗಿ ಹಿಡಿದ ನೇಮವನ್ನು ದೇಹದ ರೋಗವೆಂದು ಹೇಳಿಕೊಳ್ಳುವುದು ಎಂತಹ ದೈನ್ಯ! ಆ ಮಾತನ್ನು ನಂಬಿದ ಬಾಣಸಿಗನು ಒಂದು ಜೀವ ಹೋದೀತೆಂದು ಹೆದರಿ ಪಾತ್ರೆಗಳನ್ನು ತಿಕ್ಕುತ್ತಾನೆ. ನಿಜವಾದ ಅಲರ್ಜಿಯುಳ್ಳವನು ನಾಳೆ ಬಂದಾಗ ಅವನ ಮಾತಿನ ಬೆಲೆ ಇಂದಿನ ಸುಳ್ಳಿನಿಂದ ಇಳಿದಿರುತ್ತದೆ. ಬೆಳಿಗ್ಗೆಯೇ ಸಿದ್ಧವಾದ ದಾಶಿಯಿಂದ ಮೀನನ್ನು ಹಿಂದಕ್ಕೆ ತೆಗೆಯಲಾಗದು. ಆದ್ದರಿಂದ ‘ಆಗುವುದಿಲ್ಲ’ ಎಂದು ತಲೆಬಾಗಿ ಹೇಳುವ ಅಂಗಡಿಯವನು ಒರಟನಲ್ಲ, ಸತ್ಯವಂತ. ಅವನಿಗೆ ವಂದಿಸಿ ಹೊರಬರುವುದೇ ಲೇಸು.

ಇದು ಮಕ್ಕಳವರೆಗೂ ಹೋಗುತ್ತದೆ. ಜಪಾನಿನ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಊಟ ಎಲ್ಲರಿಗೂ ಒಂದೇ. ಮಕ್ಕಳೇ ಸರದಿಯಂತೆ ಬಿಳಿ ಟೊಪ್ಪಿಗೆ ಧರಿಸಿ ತರಗತಿಯಲ್ಲಿ ಬಡಿಸುತ್ತಾರೆ, ಎಲ್ಲರೂ ಕೈ ಜೋಡಿಸಿ ‘ಇತಾದಾಕಿಮಾಸು’, ವಿನಯದಿಂದ ಸ್ವೀಕರಿಸುತ್ತೇವೆ, ಎಂದು ನುಡಿದ ಮೇಲೆಯೇ ಉಣ್ಣುತ್ತಾರೆ. ಇದನ್ನು ಕಂಡರೆ ದಾಸೋಹದ ಪಂಕ್ತಿ ನೆನಪಾಗದಿರದು. ಅಲರ್ಜಿಯೆಂದರೆ ಶಾಲೆ ವೈದ್ಯರ ಪತ್ರ ಕೇಳುತ್ತದೆ. ಸುಳ್ಳು ಹೇಳಹೊರಟ ತಂದೆ ಮಗುವಿನ ಎದುರಿಗೇ ಸಿಕ್ಕಿಬೀಳುತ್ತಾನೆ. ಇನ್ನು ಕೆಲವರು ‘ಅವರ ಊಟ ಕೊಳಕು’ ಎಂದು ಮಗುವಿಗೆ ಹೇಳಿಕೊಟ್ಟು ಕಳಿಸುತ್ತಾರೆ. ಏಳು ವರ್ಷದ ಮಗು ಆ ಮಾತನ್ನು ಹೊತ್ತು ಮೂವತ್ತು ಗೆಳೆಯರ ನಡುವೆ ಕುಳಿತುಕೊಳ್ಳಬೇಕು. ಅಂಬಿಗರನ್ನೂ ಡೋಹರರನ್ನೂ ಮಾದಾರರನ್ನೂ ಅಪ್ಪಿದ ಶರಣರ ಹೆಸರಿನಲ್ಲಿ ತಟ್ಟೆಯಿಂದ ಮನುಷ್ಯರನ್ನು ಅಳೆಯುವ ಈ ಪಾಠ ಮಗುವಿಗೆ ಯಾವ ಮೀನಿನ ಸಾರಿಗಿಂತಲೂ ಹೆಚ್ಚು ಹಾನಿಕರ.

ಅಲ್ಲಿ ಶಾಲೆಯ ವರ್ಷ ಏಪ್ರಿಲಿನಲ್ಲಿ ಆರಂಭವಾಗುತ್ತದೆ. ಅದಕ್ಕೂ ಮುಂಚೆ ತಂದೆತಾಯಿ ಶಿಕ್ಷಕರನ್ನು ಕಂಡು, ಇದು ಕಾಯಿಲೆಯಲ್ಲ, ಮನೆಯ ನೇಮ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ತಿಂಗಳ ಊಟದ ಪಟ್ಟಿಯನ್ನು ಕೇಳಿ ಪಡೆದು, ಸಲ್ಲದ ದಿನಗಳಲ್ಲಿ ಮನೆಯಿಂದ ಡಬ್ಬಿ ಕಳಿಸಲು ಅನುಮತಿ ಬೇಡಬೇಕು. ಒಪ್ಪುವುದು ಬಿಡುವುದು ಶಾಲೆ ಶಾಲೆಗೂ ಭಿನ್ನ. ಒಪ್ಪಿದ ಶಾಲೆಯಲ್ಲಿ ಮಗು ತನ್ನ ಸರದಿ ಬಂದಾಗ ಟೊಪ್ಪಿಗೆ ಧರಿಸಿ ಉಳಿದವರಿಗೆ ಬಡಿಸಲಿ, ಎಲ್ಲರೊಡನೆ ಕೈ ಜೋಡಿಸಲಿ, ಬಳಿಕ ತನ್ನ ಡಬ್ಬಿ ತೆರೆಯಲಿ. ಆ ಡಬ್ಬಿಯನ್ನು ತುಂಬಲು ತಂದೆಯು ಬೆಳಗಿನ ಐದಕ್ಕೆ ಎದ್ದು, ಹಿಂದಿನ ರಾತ್ರಿ ನೀರಿಗೆ ಹಾಕಿಟ್ಟ ಕೊಂಬುವನ್ನು ತೆಗೆದು, ಆ ನೀರಿನಲ್ಲಿ ಕುಂಬಳಕಾಯಿ ಬೇಯಿಸಬೇಕಾಗುತ್ತದೆ.