ಬೆಲ್ಲದೊಳಗಿನ ಬೆಳಕು

"ಬೆಲ್ಲದಾಗ ಬೆಳಕು ಐತಂತ, ಖರೇನಾ ಸಾರ್?" ಎಂದು ಮಲಪನಗುಡಿಯ ಹುಡುಗನೊಬ್ಬ ಮೊನ್ನೆ ಕೇಳಿದ. ಅವನ ಸೋದರಮಾವನದು ಕಂಪ್ಲಿ ಕಡೆ ಬೆಲ್ಲದ ಗಾಣ. ಅಜ್ಜಿಯ ಕೊರಳಲ್ಲಿ ಒಂದು ಗಂಟು ಕಾಣಿಸಿಕೊಂಡಿದೆ. ಬೆಲ್ಲದಿಂದಲೇ ಕ್ಯಾನ್ಸರ್ ಪತ್ತೆಯಾಗುತ್ತದೆಂದು ಯಾರೋ ಮನೆಯವರಿಗೆ ಹೇಳಿದ್ದರಂತೆ.

ಬೆಳಕಿನ ಮಾತು ನಿಜ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ನೀರು ಆವಿಯಾಗುವುದಷ್ಟೇ ಅಲ್ಲ, ಸಕ್ಕರೆಯ ಅಣುಗಳೂ ತಮ್ಮೊಳಗಿನ ನೀರಿನಂಶ ಕಳೆದುಕೊಂಡು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೀಗೆ ಅತಿಸಣ್ಣ ಇಂಗಾಲದ ಕಣಗಳು ಹುಟ್ಟುತ್ತವೆ. ಗುವಾಹಟಿಯ ಐಐಟಿ ವಿಜ್ಞಾನಿಗಳು 2012ರಲ್ಲಿ ಬ್ರೆಡ್, ಬೆಲ್ಲ, ಬಿಸ್ಕತ್ತು ಮೊದಲಾದ ತಿನಿಸುಗಳಲ್ಲಿ ಇವನ್ನು ಗುರುತಿಸಿದರು. ಗಾತ್ರ 4ರಿಂದ 30 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ!

ಅತಿನೇರಳೆ ಕಿರಣ ಬಿದ್ದರೆ ಈ ಕಣಗಳು ಅದನ್ನು ಹೀರಿ, ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತವೆ. ಇದೇ ಪ್ರತಿದೀಪ್ತಿ. ಆದರೆ ಬೆಲ್ಲದ ಕಣ ತುಸು ಜಿಪುಣ. ಸಾವಿರ ಫೋಟಾನ್ ಹೀರಿದರೆ ತಿರುಗಿ ಕೊಡುವುದು ಐದಾರು ಮಾತ್ರ.

ಇಂಥ ಕಣಗಳು ಮೊದಲು ಕಣ್ಣಿಗೆ ಬಿದ್ದದ್ದು 2004ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ, ಅದೂ ಆಕಸ್ಮಿಕವಾಗಿ. ಇಂಗಾಲದ ನಳಿಕೆಗಳನ್ನು ಶುದ್ಧಿ ಮಾಡುವಾಗ ಉಳಿದ ಕಶ್ಮಲವೇ ಹೊಳೆಯಿತು. ಅದಕ್ಕೂ ಮೊದಲೇ ಹೊಳೆಯುವ ಕ್ವಾಂಟಂ ಚುಕ್ಕೆಗಳಿದ್ದವು. 2023ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಅವುಗಳಿಗೇ. ಆದರೆ ಅವುಗಳಲ್ಲಿ ಹಲವಕ್ಕೆ ವಿಷಕಾರಿ ಕ್ಯಾಡ್ಮಿಯಂ ಬೇಕು. ಇಂಗಾಲಕ್ಕೆ ಆ ದೋಷವಿಲ್ಲ. ಹಾಗಾಗಿ ಕಿತ್ತಳೆ ರಸ, ಬಾಳೆಹಣ್ಣು, ಬಗೆಬಗೆಯ ಎಲೆಗಳನ್ನು ಬಿಸಿ ಮಾಡಿ ಕಣ ತಯಾರಿಸಿದರು. ಪ್ರಯೋಗಾಲಯದ ಜೀವಕೋಶಗಳಿಗೆ ಇವನ್ನು ಉಣಿಸಿದರೆ ಸೂಕ್ಷ್ಮದರ್ಶಕದಲ್ಲಿ ಕೋಶ ಬೆಳಗುವುದನ್ನು ನೋಡಬಹುದು.

ಇಲ್ಲಿಯೇ ಎಚ್ಚರ ಬೇಕಾದದ್ದು. ಹೊಳೆದದ್ದೆಲ್ಲ ಕಣವಲ್ಲ. ಮನೆಯಲ್ಲೇ ಪರೀಕ್ಷಿಸಿ: ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಕದಡಿ, ನಕಲಿ ನೋಟು ಪತ್ತೆ ಮಾಡುವ ದೀಪ ಹಿಡಿಯಿರಿ (ದೀಪವನ್ನು ನೇರವಾಗಿ ದಿಟ್ಟಿಸಬೇಡಿ). ಹಸಿರು ಹಳದಿಯಾಗಿ ಬೆಳಗುತ್ತದೆ. ಅಲ್ಲಿರುವುದು ಇಂಗಾಲದ ಕಣವಲ್ಲ, ಕರ್ಕ್ಯುಮಿನ್ ಎಂಬ ಅಣು. ಎಲೆ, ಹಣ್ಣು ಕುದಿಸಿದಾಗಲೂ ಹೊಳೆಯುವ ಬಿಡಿ ಅಣುಗಳು ಉಳಿದಿರಬಹುದು. ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್‌ನ ತತ್ವದಿಂದಲೇ ಅವನ್ನು ಸೋಸಿ ತೆಗೆಯಬೇಕು. ಸೋಸದೆ ಕಣಕ್ಕೆ ಕೀರ್ತಿ ಕೊಡುವಂತಿಲ್ಲ.

ನೀರಿನಲ್ಲಿ ಕಬ್ಬಿಣದ ಅಯಾನುಗಳಿದ್ದರೆ ಹೊಳಪು ಕುಂದುತ್ತದೆ. ಅದನ್ನೇ ಪರೀಕ್ಷೆಯಾಗಿ ಬಳಸಬಹುದೆಂದು ಹಲವರು ತೋರಿಸಿದ್ದಾರೆ. ಸಂಡೂರಿನ ಅದಿರಿನ ಸೀಮೆಯ ನಮಗೆ ಕೇಳಲು ಹಿತವಾದ ಸುದ್ದಿ. ಆದರೆ ಕಬ್ಬಿಣದ ಅಯಾನು ತಾನೇ ಅತಿನೇರಳೆ ಕಿರಣವನ್ನು ನುಂಗುತ್ತದೆ. ಕಣದವರೆಗೆ ಕಿರಣ ತಲುಪದಿದ್ದರೂ ಹೊಳಪು ಕಡಿಮೆಯೇ. ಇನ್ನು ಅದಿರಿನ ಕೆಂಪು ಧೂಳು ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದೆ. ಬರಿಯ ರಾಡಿಯೂ ಬೆಳಕಿಗೆ ಅಡ್ಡ. ಆದ್ದರಿಂದ ಹೊಳಪು ಕುಂದಿದ್ದಕ್ಕೆ ಕಾರಣ ಯಾವುದೆಂದು ಬೇರೆ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಲೇಬೇಕು.

"ಬೆಲ್ಲ ತಲತಲಾಂತರದಿಂದ ತಿಂತೀವಲ್ಲ, ಅದರ ಕಣ ಮೈಗೆ ಹೆಂಗ ಕೆಡಕು ಮಾಡ್ತದ?" ಎಂದ ಹುಡುಗ. ಒಳ್ಳೆಯ ಪ್ರಶ್ನೆ. ಬಾಯಲ್ಲಿ ತಿಂದದ್ದು ಹೊಟ್ಟೆಯಲ್ಲಿ ಜೀರ್ಣವಾಗುವುದೇ ಬೇರೆ, ಸೂಜಿಯಿಂದ ನೇರ ರಕ್ತ ಸೇರುವುದೇ ಬೇರೆ. ಹಾಲು ಕುಡಿಯಬಹುದು; ಅದನ್ನು ರಕ್ತನಾಳಕ್ಕೆ ಚುಚ್ಚಿದರೆ ಪ್ರಾಣಕ್ಕೇ ಅಪಾಯ. ಗಿಡದಿಂದ ಬಂತೆಂಬುದೊಂದೇ ಸುರಕ್ಷತೆಯ ಪ್ರಮಾಣಪತ್ರವಲ್ಲ. ಕಣ ದೇಹದಲ್ಲಿ ಎಲ್ಲಿ ಉಳಿಯುತ್ತದೆ, ಯಾವಾಗ ಹೊರಹೋಗುತ್ತದೆ ಎಂಬುದನ್ನು ಒಂದೊಂದು ಬಗೆಯಲ್ಲೂ ಪ್ರತ್ಯೇಕವಾಗಿ ನೋಡಬೇಕು.

ಅಜ್ಜಿಯ ಗಂಟಿಗೆ ಈಗಲೇ ಇರುವ ಪರೀಕ್ಷೆ ಸರಳ. ಸಣ್ಣ ಸೂಜಿಯಿಂದ ಒಂದಿಷ್ಟು ಜೀವಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. "ನಾಳೆನೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಪ್ಪ. ಬೆಲ್ಲದ ಬೆಳಕನ್ನ ಆಮ್ಯಾಲೆ ಇಬ್ಬರೂ ಕೂಡಿ ನೋಡೋಣ" ಎಂದೆ.