ಬಾಯಿಮಾತಿನ ಮೇಲೆ ಕಟ್ಟಿದ ಮನೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಒಂದು ಚೀಲ ತೂಗಿದರೆ ಅದಕ್ಕೊಂದು ಚೀಟಿಯುಂಟು. ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂಬುದನ್ನು ಬರೆಯದೆ, ತೂಕವನ್ನೂ ಧಾರಣೆಯನ್ನೂ ನಮೂದಿಸದೆ ಯಾವ ವರ್ತಕನೂ ಚೀಲವನ್ನು ಒಳಗೆ ಸೇರಿಸುವುದಿಲ್ಲ. ಗಾಂಧಿ ಬಜಾರಿನ ಜವಳಿ ಅಂಗಡಿಯಲ್ಲಿ ಅರ್ಧ ಮೀಟರ್ ಬಟ್ಟೆಗೂ ರಸೀತಿಯಿದೆ. ಸಂಜೆ ಕಿರ್ದಿಗೂ ಗಲ್ಲಾಪೆಟ್ಟಿಗೆಗೂ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಅದು ಸಿಗುವವರೆಗೆ ಯಜಮಾನ ಮನೆಗೆ ಹೊರಡುವುದಿಲ್ಲ. ಇದೇ ಯಜಮಾನ ತನ್ನ ತಾತನ ಕಾಲದ ಹೆಂಚಿನ ಮನೆಯನ್ನು ನವೀಕರಿಸಲು ಹೊರಟಾಗ ಎಂಟು ಹತ್ತು ಲಕ್ಷ ರೂಪಾಯಿಗಳ ಕೆಲಸವನ್ನು ಜಗಲಿಯ ಮೇಲೆ ಕುಳಿತು, ಒಂದು ಲೋಟ ಕಾಫಿಯ ಜೊತೆ, ಬಾಯಿಮಾತಿನಲ್ಲಿ ಮುಗಿಸಿಬಿಡುತ್ತಾನೆ. ಅಂಗಡಿಯಲ್ಲಿ ಅಷ್ಟು ಎಚ್ಚರದಿಂದಿರುವವನು ಮನೆಯ ವಿಷಯದಲ್ಲಿ ಇಷ್ಟು ಉದಾಸೀನನಾಗುವುದೇಕೆ?

ಕೇಳಿದರೆ ಸಿದ್ಧ ಉತ್ತರವೊಂದಿದೆ: "ಮೇಸ್ತ್ರಿ ಇಪ್ಪತ್ತು ವರ್ಷಗಳಿಂದ ಪರಿಚಿತ. ಕಾಗದ ಕೇಳಿದರೆ ಅಪನಂಬಿಕೆ ತೋರಿಸಿದಂತಾಗುತ್ತದೆ." ಈ ಮಾತು ಮೇಲ್ನೋಟಕ್ಕೆ ಸಜ್ಜನಿಕೆಯಂತೆ ಕಾಣುತ್ತದೆ. ಆದರೆ ಮಂಡಿಗೆ ಅಡಿಕೆ ತರುವ ರೈತನೂ ಇಪ್ಪತ್ತು ವರ್ಷಗಳಿಂದ ಪರಿಚಿತನೇ ಅಲ್ಲವೇ? ಅವನಿಗೆ ಚೀಟಿ ಬರೆದುಕೊಟ್ಟಾಗ ಅಪನಂಬಿಕೆಯೆಂದು ಯಾರೂ ಭಾವಿಸುವುದಿಲ್ಲ. ಹೀಗಿರುವಲ್ಲಿ ಮೇಸ್ತ್ರಿಯೊಡನೆ ಕರಾರು ಬರೆಯದಿರುವುದಕ್ಕೆ ಕಾರಣ ನಂಬಿಕೆಯಲ್ಲ. ಏನು ಬೇಕೆಂಬುದನ್ನು ಕುಳಿತು ಯೋಚಿಸುವ ಶ್ರಮಕ್ಕೆ ಯಜಮಾನ ಸಿದ್ಧನಿಲ್ಲ. ಮಾತು ಸಡಿಲವಾಗಿದ್ದರೆ ಮುಂದೆ ತನಗೆ ಅನುಕೂಲವಾಗುವಂತೆ ಎಳೆದುಕೊಳ್ಳಬಹುದೆಂಬ ಲೆಕ್ಕಾಚಾರ ಎರಡೂ ಕಡೆ ಗುಟ್ಟಾಗಿ ನಡೆದಿರುತ್ತದೆ. ಅದಕ್ಕೆ ನಂಬಿಕೆಯೆಂಬ ಹೆಸರನ್ನು ಕೊಡುವುದು ಆ ಶಬ್ದಕ್ಕೆ ಮಾಡುವ ಅವಮಾನ.

ಭದ್ರಾವತಿಯ ಹಳೇನಗರದಲ್ಲಿ ಒಂದು ಮನೆಯಿದೆಯೆಂದು ಭಾವಿಸೋಣ. ಯಜಮಾನ ಕಾರ್ಖಾನೆಯಿಂದ ನಿವೃತ್ತ. ಭವಿಷ್ಯನಿಧಿಯ ಹಣದಲ್ಲಿ ಮಾಡಿನ ದುರಸ್ತಿ, ಹೊಸ ನೆಲ, ಒಂದು ಸ್ನಾನಗೃಹ, ಇವೆಲ್ಲಕ್ಕೂ ಸೇರಿ 8 ಲಕ್ಷಕ್ಕೆ ಮಾತಾಯಿತು. ಹೆಂಚು ಇಳಿಸಿದ ಮೇಲೆ ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿರುವುದು ಕಂಡಿತು, 65 ಸಾವಿರ. ಮಣ್ಣಿನ ಗೋಡೆಯ ಬುಡ ತೇವದಿಂದ ಸಡಿಲವಾಗಿತ್ತು; 40 ಸಾವಿರ. ಕೆಲಸ ನಡೆದಿರುವಾಗಲೇ ಅಡುಗೆಮನೆಗೆ ಗ್ರಾನೈಟ್ ಕಟ್ಟೆಯೂ ಗೂಡುಗಳೂ ಆಗಿಬಿಡಲಿ ಎಂದು ಮನೆಯವರಿಗೆ ಅನ್ನಿಸಿತು; 55 ಸಾವಿರ. ಗೋಡೆ ಹೇಗೂ ಒಡೆದಿದೆ, ವಿದ್ಯುತ್ ತಂತಿಯನ್ನೂ ಬದಲಿಸೋಣವೆಂದರು, 30 ಸಾವಿರ. ಒಟ್ಟು 9 ಲಕ್ಷ 90 ಸಾವಿರ. ಅಂದಾಜಿಗಿಂತ ಹೆಚ್ಚುಕಡಿಮೆ ಕಾಲುಭಾಗ ಅಧಿಕ. ಈ ಲೆಕ್ಕದಲ್ಲಿ ಕಳ್ಳ ಯಾರು? ಯಾರೂ ಇಲ್ಲ. ಮೇಸ್ತ್ರಿ ಒಂದು ರೂಪಾಯಿಯನ್ನೂ ಮೋಸದಿಂದ ಪಡೆದಿಲ್ಲ. 1 ಲಕ್ಷ 5 ಸಾವಿರ ಹೋದದ್ದು ಮರೆಯಲ್ಲಿದ್ದ ದೋಷಕ್ಕೆ, 85 ಸಾವಿರ ಹೋದದ್ದು ಮನೆಯವರ ಆಸೆಗೆ. ಆದರೂ ಕೊನೆಗೆ ಬೀದಿಯಲ್ಲಿ ಜಗಳವಾಗುತ್ತದೆ. ಇವನು "8 ಲಕ್ಷಕ್ಕೆ ಒಪ್ಪಿದ್ದೆ" ಎನ್ನುತ್ತಾನೆ, ಅವನು "ಅದು ಬೇರೆ, ಇದು ಬೇರೆ" ಎನ್ನುತ್ತಾನೆ. ಇಬ್ಬರ ಮಾತೂ ಸತ್ಯ. ಗೃಹಪ್ರವೇಶದ ದಿನ ಮೇಸ್ತ್ರಿ ಊಟಕ್ಕೂ ಬರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ವಿದ್ಯಾವಂತರೂ ತಪ್ಪಾಗಿ ತಿಳಿದಿದ್ದಾರೆ. ಬಾಯಿಮಾತಿನ ಒಪ್ಪಂದಕ್ಕೆ ಬೆಲೆಯೇ ಇಲ್ಲವೆಂದು ಕೆಲವರ ಗ್ರಹಿಕೆ. ಹಾಗಲ್ಲ, 1872ರ ಭಾರತೀಯ ಕರಾರು ಅಧಿನಿಯಮದಂತೆ ಮಾತಿನ ಕರಾರೂ ಕರಾರೇ. ಆದರೆ ಅದನ್ನು ರುಜುವಾತುಪಡಿಸುವುದು ಹೇಗೆ? ಅದೇ ಅಧಿನಿಯಮದ 29ನೆಯ ಪ್ರಕರಣವು ಅರ್ಥ ನಿಶ್ಚಿತವಲ್ಲದ, ನಿಶ್ಚಯಿಸಲೂ ಬಾರದ ಒಪ್ಪಂದ ಅಸಿಂಧುವೆನ್ನುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆ ವರ್ತಕರಿಗೆ ಸುಲಭವಾಗಿ ಅರ್ಥವಾಗುವಂಥದು: ನೂರು ಟನ್ ಎಣ್ಣೆ ಮಾರುವೆನೆಂದು ಒಬ್ಬನು ಒಪ್ಪಿದ, ಯಾವ ಎಣ್ಣೆಯೆಂದು ತಿಳಿಯುವ ಯಾವ ಸೂಚನೆಯೂ ಇಲ್ಲ, ಆದ್ದರಿಂದ ಒಪ್ಪಂದ ನಿಲ್ಲದು. "ಒಳ್ಳೆಯ ಟೈಲ್ಸ್ ಹಾಕಿಕೊಡುತ್ತೇನೆ", "ಮಾಡು ಗಟ್ಟಿ ಮಾಡಿಕೊಡುತ್ತೇನೆ" ಎಂಬ ಮಾತುಗಳು ಆ ಎಣ್ಣೆಗಿಂತ ಎಷ್ಟು ಸ್ಪಷ್ಟ? ಇನ್ನು ಬರೆದ ಮೇಲೆ, ಬರಹಕ್ಕೆ ವಿರುದ್ಧವಾದ ಬಾಯಿಸಾಕ್ಷ್ಯವನ್ನು ನ್ಯಾಯಾಲಯ ಸಾಮಾನ್ಯವಾಗಿ ಕೇಳುವುದಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಆದ್ದರಿಂದ ಬರೆಯುವುದಷ್ಟೇ ಸಾಲದು, ಸರಿಯಾಗಿ ಬರೆಯಬೇಕು. ಛಾಪಾ ಶುಲ್ಕ ಕೊಡದ ಪತ್ರವನ್ನು, ಶುಲ್ಕ ಹಾಗೂ ದಂಡ ತೆತ್ತ ಹೊರತು, ಸಾಕ್ಷ್ಯವಾಗಿ ಹಾಜರುಪಡಿಸಲಾಗದು. ಲಕ್ಷಾಂತರದ ಕೆಲಸದಲ್ಲಿ ಕೆಲವು ನೂರು ರೂಪಾಯಿ ಉಳಿಸಹೋಗಿ ಇಡೀ ಪತ್ರವನ್ನೇ ನಿಷ್ಪ್ರಯೋಜಕಗೊಳಿಸುವ ಜಾಣರೂ ಇದ್ದಾರೆ.

ಇದುವರೆಗಿನದು ಯಜಮಾನನ ಹಣದ ಮಾತು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ಇಟ್ಟ ಒತ್ತೆಯನ್ನು ನುಂಗಿಹಾಕುವುದೆಂದು ಇದನ್ನು ಸ್ಥೂಲವಾಗಿ ತಿಳಿಯುವುದುಂಟು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆ ಬಹು ಸೂಕ್ಷ್ಮವಾದುದು. ಹಣವಿಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಸುಳ್ಳನ್ನೇನೂ ಸೃಷ್ಟಿಸುವುದಿಲ್ಲ, "ಹೌದು, ಅಷ್ಟೇ" ಎಂದು ಒಪ್ಪಿಬಿಡುತ್ತಾನೆ. ಆ ಒಪ್ಪಿಗೆಯೇ ದೋಷ. ಈಗ ಜಗಲಿಯ ಮೇಲಿನ ದೃಶ್ಯಕ್ಕೆ ಮರಳಬೇಕು. ಲೆಕ್ಕದ ಪುಸ್ತಕ ಯಾರ ಬಳಿಯಿದೆ? ಯಜಮಾನನ ಬಳಿ. ಮೇಸ್ತ್ರಿಗಿರುವುದು ನೆನಪು ಮಾತ್ರ. ಮೂರು ತಿಂಗಳ ಹಿಂದೆ ಭಾನುವಾರ ಎರಡಾಳು ಹೆಚ್ಚಿಗೆ ಬಂದದ್ದು, ತನ್ನ ಕೈಯಿಂದ ಹಾಕಿದ ನಾಲ್ಕು ಚೀಲ ಸಿಮೆಂಟು, ಕೊನೆಗಾಲದಲ್ಲಿ ಸೇರಿಸಿದ ಸಜ್ಜಾ, ಇವುಗಳಲ್ಲಿ ಒಂದೆರಡನ್ನು ಅವನು ಮರೆತು ಕಡಿಮೆ ಕೇಳಿದಾಗ ಯಜಮಾನ ಏನು ಮಾಡುತ್ತಾನೆ? ತಲೆಯಾಡಿಸುತ್ತಾನೆ. ಆಮೇಲೆ ನಿಷ್ಠುರ ಮಾಡದೆ ಲೆಕ್ಕ ಮುಗಿಸಿದೆನೆಂದು ಹೆಮ್ಮೆಪಡುತ್ತಾನೆ. ಮೇಸ್ತ್ರಿಗಳ ವಂಚನೆಯ ಕಥೆಗಳು ಪ್ರತಿ ಮದುವೆಮನೆಯ ಪಂಕ್ತಿಯಲ್ಲೂ ಕೇಳಿಬರುತ್ತವೆ. ಈ ತಲೆಯಾಡಿಸುವಿಕೆಯ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕರಾರಿನಲ್ಲಿ ಏನಿರಬೇಕೆಂಬುದಕ್ಕೆ ಅಚ್ಚುಹಾಕಿದ ನಮೂನೆಗಳು ಸಿಗುತ್ತವೆ. ಅವು ಬೆಂಗಳೂರಿನ ಹೊಸ ನಿವೇಶನಕ್ಕೆ ಹೊಂದುತ್ತವೆಯೇ ಹೊರತು ಮಲೆನಾಡ ಸೆರಗಿನ ಹಳೆಯ ಮನೆಗಲ್ಲ. ಹಳೆಯ ಮನೆಯಲ್ಲಿ ಕಣ್ಣಿಗೆ ಕಾಣುವ ಕೆಲಸ ಬೇರೆ, ಒಡೆದ ಮೇಲೆ ತಿಳಿಯುವ ಕೆಲಸ ಬೇರೆ. ಕಾಣುವುದಕ್ಕೆ ಇಡಿಗುತ್ತಿಗೆಯಾಗಿ ಒಂದು ಮೊತ್ತ ಗೊತ್ತುಮಾಡಬಹುದು. ಕಾಣದ್ದಕ್ಕೆ ದರವನ್ನಷ್ಟೇ ಗೊತ್ತುಮಾಡಬೇಕು: ಪಕಾಸು ಬದಲಿಸಿದರೆ ಅಡಿಗೆ ಇಷ್ಟು, ಗೋಡೆಯ ಬುಡ ಕಟ್ಟಿದರೆ ಇಷ್ಟು ಎಂದು. ಮೇಲೆ ಹೇಳಿದ 1 ಲಕ್ಷ 5 ಸಾವಿರ ಆಗಲೂ ಖರ್ಚಾಗುತ್ತಿತ್ತು. ಆದರೆ ಅದನ್ನು ಮೊದಲೇ ಬದಿಗಿಟ್ಟು ಉಳಿದದ್ದನ್ನು ಕುಗ್ಗಿಸಿಕೊಳ್ಳಲು ದಾರಿಯಿರುತ್ತಿತ್ತು. ಇಳಿಸಿದ ಹಳೆಯ ಸಾಮಾನು ಯಾರದೆಂಬುದನ್ನು ಬರೆಯುವವರು ವಿರಳ. ಹಳೆಯ ಸಾಗುವಾನಿ ತೊಲೆ, ಬಾಗಿಲವಾಡ, ಮಂಗಳೂರು ಹೆಂಚು, ಇವುಗಳ ಬೆಲೆಯೇನು ಅಲ್ಪವೇ? ಅವನ್ನು ಮೇಸ್ತ್ರಿಯೇ ಒಯ್ಯುವುದಾದರೆ ಕೂಲಿಯಲ್ಲಿ ಅಷ್ಟು ಇಳಿಯಬೇಕು. ಯಜಮಾನನೇ ಇಟ್ಟುಕೊಳ್ಳುವುದಾದರೆ ಒಡೆಯದಂತೆ ಇಳಿಸುವ ಹೊಣೆಯೂ ಅದರ ಕೂಲಿಯೂ ನಮೂದಾಗಬೇಕು.

ಅಳತೆಯ ಮಾತು ಬಂದಾಗ ಜಗಳ ತಪ್ಪಿದ್ದಲ್ಲ. ಚದರಡಿಗೆ ಇಷ್ಟೆಂದರೆ ಸಜ್ಜಾ, ಮೆಟ್ಟಿಲು, ಪೋರ್ಟಿಕೊ ಸೇರುತ್ತವೆಯೇ? ಗಾರೆಯ ಲೆಕ್ಕದಲ್ಲಿ ಕಿಟಕಿ ಬಾಗಿಲುಗಳ ಜಾಗ ಕಳೆಯಬೇಕೇ? ಭಾರತೀಯ ಮಾನಕ 1200 ಎಂಬ ಅಳತೆಯ ಸಂಹಿತೆ ಇದಕ್ಕೆ ಉತ್ತರಿಸಿದೆ: ಅರ್ಧ ಚದರ ಮೀಟರಿನವರೆಗಿನ ತೆರವನ್ನು ಕಳೆಯಬೇಕಿಲ್ಲ, ಅದಕ್ಕೆ ಮೇಲ್ಪಟ್ಟು ಮೂರು ಚದರ ಮೀಟರಿನವರೆಗೆ, ಎರಡೂ ಮುಖಕ್ಕೆ ಒಂದೇ ಬಗೆಯ ಗಾರೆಯಿದ್ದರೆ, ಒಂದು ಮುಖವನ್ನು ಮಾತ್ರ ಕಳೆಯಬೇಕು. ಊರಿನ ವಾಡಿಕೆ ಬೇರೆಯಿದ್ದರೆ ಅದೂ ಆಗಬಹುದು, ಯಾವುದೆಂದು ಬರೆದಿದ್ದರೆ ಸಾಕು. ಕಬ್ಬಿಣದ ಊರಾದ ಭದ್ರಾವತಿಯಲ್ಲಿ ಸರಳಿನ ತೂಕ ಗೊತ್ತಿಲ್ಲದೆ ಬಿಲ್ಲಿಗೆ ಹಣ ಕೊಡುವವರಿದ್ದಾರೆಂದರೆ ನಗುವುದೋ ಅಳುವುದೋ! ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಬರುತ್ತದೆ. 12 ಮಿಲಿಮೀಟರಿನ, 12 ಮೀಟರ್ ಉದ್ದದ ಒಂದು ಸರಳು ಸುಮಾರು 10.66 ಕಿಲೋ. ಸರಳುಗಳನ್ನು ಎಣಿಸಿದರೆ ತೂಕ ತಾನಾಗಿ ತಿಳಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಭೂಮಿಯನ್ನು ಐದು ತರಗತಿಯಾಗಿ ವಿಂಗಡಿಸಿ, ಹನ್ನೆರಡು ವರ್ಷಗಳ ಬೆಳೆಯ ಲೆಕ್ಕವಿರಿಸಿ, ಆಮೇಲೆ ಕಂದಾಯ ನಿಗದಿಮಾಡಿದ. ಶಿಸ್ತೆಂಬ ಹೆಸರಿನಿಂದ ಅದು ಇಂದಿಗೂ ಈ ಸೀಮೆಯ ಬಾಯಲ್ಲಿದೆ. ಅವನ ಅರಮನೆಯನ್ನು ತೋರಿಸಲು ನೆಂಟರನ್ನು ಕರೆದೊಯ್ಯುವವರು ಸ್ವಂತ ಮನೆಯ ಅಳತೆಗೆ ಹನ್ನೆರಡು ದಿನವನ್ನೂ ಕೊಡಲಾರರು.

ಆಸೆಯಿಂದ ಬೆಳೆಯುವ ಕೆಲಸಕ್ಕೆ ಮೇಸ್ತ್ರಿ ಕಾರಣನಲ್ಲ. "ಹೇಗೂ ಮೇಸ್ತ್ರಿ ಇದ್ದಾನೆ" ಎಂಬ ಐದಕ್ಷರದ ಪಿಡುಗು ಎಷ್ಟೋ ಮನೆಗಳ ಉಳಿತಾಯವನ್ನು ತಿಂದಿದೆಯೆಂದರೆ ಅಕ್ಷರದ ಲೆಕ್ಕ ತಪ್ಪಿತೆಂದು ಯಾರಾದರೂ ತಿದ್ದಿಯಾರು. ಅಂಥವರು ಸಿಮೆಂಟಿನ ಚೀಲಗಳನ್ನು ಎಣಿಸಿದರೆ ಇನ್ನೂ ಲೇಸು. ಪರಿಗ್ರಹ ಪರಿಮಾಣದಲ್ಲಿ ಕ್ಷೇತ್ರ ವಾಸ್ತುಗಳೇ ಮೊದಲು ಬರುತ್ತವೆ. ಅಲ್ಲಿ ಮಿತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂದಿದೆಯೇ ಹೊರತು ಕೆಲಸ ಮುಗಿದ ಮೇಲಲ್ಲ. ಕರಾರಿನಲ್ಲಿ ಒಂದು ಸಾಲು ಸಾಕು: ಯಾವ ಹೆಚ್ಚುವರಿ ಕೆಲಸವೂ ಅದರ ಮೊತ್ತವನ್ನೂ ಅದಕ್ಕೆ ಬೇಕಾಗುವ ದಿನಗಳನ್ನೂ ಬರೆದು ಇಬ್ಬರೂ ಸಹಿ ಮಾಡುವವರೆಗೆ ಆರಂಭವಾಗತಕ್ಕದ್ದಲ್ಲ. ಬರೆಯುವ ಹೊತ್ತಿಗೆ ಅರ್ಧದಷ್ಟು ಆಸೆಗಳು ತಾವಾಗಿಯೇ ಇಳಿದುಹೋಗುತ್ತವೆ.

ಮುಂಗಡದ ವಿಷಯದಲ್ಲಿ ಉದಾರಿಗಳಾಗುವುದು ಅಪಾಯಕರ. 8 ಲಕ್ಷದ ಕೆಲಸಕ್ಕೆ ಅರ್ಧ ಹಣ ಮೊದಲೇ ಕೊಟ್ಟು, ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಒಂದೂವರೆ ಲಕ್ಷದ ಕೆಲಸ ಮಾತ್ರ ಆಗಿದ್ದರೆ, ಎರಡೂವರೆ ಲಕ್ಷ ಮೇಸ್ತ್ರಿಯ ಬಳಿ ಸಿಕ್ಕಿಬಿದ್ದಂತೆ. ಮನೆಯ ಮೇಲೆ ಮಾಡೂ ಇಲ್ಲ. ಮುಂಗಡ ಮೊದಲ ಹಂತದ ಸಾಮಾನು ಮತ್ತು ಕೂಲಿಯನ್ನು ಮೀರಬಾರದು. ಮುಂದಿನ ಕಂತುಗಳು ತಾರೀಖಿಗಲ್ಲ, ಮುಗಿದ ಕೆಲಸಕ್ಕೆ ಕಟ್ಟಿಬಿದ್ದಿರಬೇಕು. ಹಂತ ಮುಗಿದ ದಿನವೇ ಕಂತನ್ನು ಕೊಡತಕ್ಕದ್ದು, ವಾರಗಟ್ಟಲೆ ಅಲೆದಾಡಿಸುವ ಯಜಮಾನನಿಗೆ ವಿಳಂಬದ ದಂಡ ಕೇಳುವ ಮುಖವಿರುವುದಿಲ್ಲ. ದಂಡವೂ ಅತಿಯಾಗಿರಬಾರದು. 74ನೆಯ ಪ್ರಕರಣದಂತೆ ನ್ಯಾಯಾಲಯ ಯುಕ್ತವಾದಷ್ಟನ್ನು ಮಾತ್ರ ಕೊಡಿಸುತ್ತದೆ, ಪತ್ರದಲ್ಲಿ ಎಷ್ಟೇ ಬರೆದಿದ್ದರೂ. ಕೊನೆಯ ಕಂತಿನಲ್ಲಿ ನೂರಕ್ಕೆ ಐದರಷ್ಟನ್ನಾದರೂ ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿರಿಸುವುದು ಈ ಸೀಮೆಯಲ್ಲಿ ಅತ್ಯವಶ್ಯ. ಆರಿದ್ರೆ, ಪುಷ್ಯ ಮಳೆಗಳು ಮಾಡಿನ ಸೋರಿಕೆಯನ್ನು ಪರೀಕ್ಷಿಸುವಷ್ಟು ಚೆನ್ನಾಗಿ ಯಾವ ಎಂಜಿನಿಯರೂ ಪರೀಕ್ಷಿಸಲಾರನು. ಸೋರದಿದ್ದರೆ ಆ ಹಣವನ್ನು ಕೇಳುವ ಮುನ್ನವೇ ತಲುಪಿಸಬೇಕು, ಅದು ಈಗ ಯಜಮಾನನ ಬಳಿಯಿರುವ ನ್ಯಾಸ.

ಎಲ್ಲ ಮಾಡಿದ ಮೇಲೂ ವಿವಾದ ಬಂದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಗೆ 1993ರಲ್ಲಿ ಗೃಹನಿರ್ಮಾಣವೂ ಸೇವೆಯಾಗಿ ಸೇರಿತು, ಈಗಿರುವ 2019ರ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ದೂರು ಕೊಡಲು ಎರಡು ವರ್ಷಗಳ ಗಡುವು. ಅಲ್ಲಿಯೂ ಮೊದಲು ಕೇಳುವುದು ಕಾಗದವನ್ನೇ.

ಇನ್ನು ಬಸದಿಗಳ ಹಾಗೂ ಟ್ರಸ್ಟುಗಳ ಆಡಳಿತವರ್ಗ. ಸ್ವಂತ ಹಣವನ್ನು ಕಳೆದುಕೊಂಡವನು ತನ್ನ ಮನೆಯವರಿಗಷ್ಟೇ ಉತ್ತರ ಹೇಳಬೇಕು. ದಾನದ ಹಣವನ್ನು ಬಾಯಿಮಾತಿನ ಮೇಲೆ ಖರ್ಚುಮಾಡಿದವನು ಸತ್ತುಹೋದ ದಾನಿಗಳಿಗೂ ಉತ್ತರ ಹೇಳಬೇಕಾಗುತ್ತದೆ. "ನಮ್ಮವರೇ ಗುತ್ತಿಗೆದಾರರು, ಧರ್ಮಕಾರ್ಯ, ಕಾಗದವೇಕೆ?" ಎಂಬ ಮಾತು ಸಭೆಯಲ್ಲಿ ಬಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ಧರ್ಮಕಾರ್ಯಕ್ಕೆ ಬರಹ ಬೇಡವೆಂಬುದು ಪೂರ್ವಿಕರ ಮತವಾಗಿತ್ತೇ? ಇದೇ ಜಿಲ್ಲೆಯ ಹುಂಚದಲ್ಲಿ, ಸಾಂತರರ ಕಾಲದ ಬಸದಿಗಳ ಎದುರು ನಿಂತರೆ ಉತ್ತರ ಕಲ್ಲಿನಲ್ಲೇ ಇದೆ. ಕನ್ನಡನಾಡಿನ ಬಸದಿಗಳ ದಾನಶಾಸನಗಳು ಭೂಮಿ ಕೊಟ್ಟೆವೆಂದಷ್ಟೇ ಹೇಳಿ ಮುಗಿಸುವುದಿಲ್ಲ. ಕೊಟ್ಟವರಾರು, ಪಡೆದವರಾರು, ಎಲ್ಲೆಯೆಲ್ಲಿ, ಯಾವ ಉದ್ದೇಶಕ್ಕೆ ಎಂಬುದನ್ನೆಲ್ಲ ಬಿಡಿಸಿ ಕೆತ್ತಿಸುತ್ತವೆ. ಪೂಜೆ, ಆಹಾರದಾನಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರವೆಂದು, ಅಂದರೆ ಒಡೆದದ್ದು ಬಿರಿದದ್ದರ ದುರಸ್ತಿಗೆಂದು, ಬೇರೆಯಾಗಿ ಹೆಸರಿಸುತ್ತವೆ. ಕೊಟ್ಟವರು ಅರಸರು, ಪಡೆದವರು ಮುನಿಗಳು. ಅವರಿಬ್ಬರ ನಡುವೆ ಅಪನಂಬಿಕೆಯಿತ್ತೆಂದು ಇಂದಿನ ಕಾರ್ಯದರ್ಶಿಗಳು ವಾದಿಸುವರೇ?

ಕರಾರು ಎರಡು ಪ್ರತಿಗಳಲ್ಲಿರಬೇಕು, ಒಂದು ಮೇಸ್ತ್ರಿಗೆ. ಶಿವಮೊಗ್ಗ ಭದ್ರಾವತಿಗಳ ಗಾರೆ ಕೆಲಸದವರಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನವರು ಅನೇಕರು. ಕನ್ನಡ ಮಾತನಾಡಿದರೂ ಓದಲಾರದವರಿದ್ದಾರೆ. ಅವರ ಮಕ್ಕಳಲ್ಲಿ ಶಾಲೆಗೆ ಹೋಗುವವರನ್ನು ಕರೆಸಿ, ಪತ್ರವನ್ನು ಆ ಮಗುವಿನ ಬಾಯಲ್ಲಿ ಪೂರ್ತಿಯಾಗಿ ಓದಿಸಿ, ಕೇಳಿ ಅರ್ಥವಾಯಿತೆಂದು ತಂದೆ ಹೇಳಿದ ಮೇಲೆ ಸಹಿ ಪಡೆಯಬೇಕು.