ಮಾಯಾಮೃಗವೂ ಕಾಡಿನ ಜಿಂಕೆಯೂ

ಸಂಸ್ಕೃತದ ‘ಮೃಗ’ ಶಬ್ದಕ್ಕೆ ಹುಡುಕು, ಅರಸು ಎಂಬ ಅರ್ಥದ ಧಾತುವೇ ಮೂಲವೆಂದು ವೈಯಾಕರಣರು ಹೇಳುತ್ತಾರೆ. ಅರಸಲ್ಪಡುವುದು ಮೃಗ, ಅರಸುವ ಕ್ರಿಯೆ ಮೃಗಯೆ, ಎಂದರೆ ಬೇಟೆ. ಈ ಶಬ್ದಕ್ಕೆ ಕಾಡುಪ್ರಾಣಿ ಎಂಬ ಸಾಮಾನ್ಯಾರ್ಥವೂ ಜಿಂಕೆ ಎಂಬ ವಿಶೇಷಾರ್ಥವೂ ಉಂಟು. ಕನ್ನಡದಲ್ಲಿಯೂ ಈ ಪ್ರಾಣಿಗಳಿಗೆ ಹೆಸರುಗಳ ಕೊರತೆಯಿಲ್ಲ: ಜಿಂಕೆ, ಸಾರಗ, ಕಡವೆ, ಹುಲ್ಲೆ, ಎರಳೆ, ಉತ್ತರ ಕರ್ನಾಟಕದ ಬಯಲುಸೀಮೆಯವರಿಗೆ ಚಿಗರಿ. ಬಿಲ್ಲು ಕೋವಿಗಳನ್ನು ಹಿಡಿದು ಅರಸುವ ಕಾಲ ಕಳೆದು, ಕ್ಯಾಮರಾ ಹಿಡಿದು ಅರಸುವ ಕಾಲ ಬಂದಿರುವುದು ಸಂತೋಷದ ಸಂಗತಿ. ಆದರೆ ಈ ಹೊಸ ಮೃಗಯೆಗೂ ಒಂದು ಧರ್ಮವಿದೆ. ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆನಿಸಿದೆ.

ರಜೆಯಲ್ಲಿ ಬಂಡೀಪುರ, ನಾಗರಹೊಳೆಗಳಿಗೆ ಹೋಗಿಬಂದ ಮಕ್ಕಳು ಜಿಂಕೆಯ ಚಿತ್ರಗಳನ್ನು ತಂದು ಹಿರಿಯರಿಗೆ ತೋರಿಸುವುದು ಈಗ ಅನೇಕ ಮನೆಗಳಲ್ಲಿ ಕಾಣುವ ನೋಟ. ಅಂಥ ಮನೆಯೊಂದರ ಗೃಹಸ್ಥರು ನಮ್ಮನ್ನು ಹೀಗೆ ಕೇಳಿದರು: “ಮಗಳು ತೆಗೆದ ಚಿತ್ರದಲ್ಲಿ ಜಿಂಕೆಯ ಮುಖಕ್ಕೆ ಅಡ್ಡವಾಗಿ ಒಣಕಡ್ಡಿಯೊಂದು ಬಂದಿತ್ತು. ಗಣಕಯಂತ್ರದಲ್ಲಿ ಅದನ್ನು ಅಳಿಸಿ, ಒಣಹುಲ್ಲಿಗೆ ಹಸಿರು ಬಣ್ಣ ಕೊಟ್ಟು ಸ್ಪರ್ಧೆಗೆ ಕಳುಹಿಸಬೇಕೆಂದಿದ್ದಾಳೆ. ಇದರಲ್ಲಿ ತಪ್ಪೇನಾದರೂ ಇದೆಯೇ?” ಪ್ರಶ್ನೆ ಚಿಕ್ಕದಾಗಿ ಕಂಡರೂ ಉತ್ತರ ಅಷ್ಟು ಚಿಕ್ಕದಲ್ಲ.

ಕಾಡಿನ ಜಿಂಕೆಯ ಛಾಯಾಗ್ರಹಣಕ್ಕೆ ಶತಮಾನವನ್ನು ಮೀರಿದ ಇತಿಹಾಸವಿದೆ. ಅಮೆರಿಕದ ಜಾರ್ಜ್ ಶಿರಾಸ್ ಎಂಬವರು ವೃತ್ತಿಯಿಂದ ವಕೀಲರು, ಮೊದಲಿಗೆ ಬೇಟೆಗಾರರು. ರಾತ್ರಿಯ ವೇಳೆ ದೋಣಿಯಲ್ಲಿ ದೀಪವಿರಿಸಿಕೊಂಡು ಸದ್ದಿಲ್ಲದೆ ಸಾಗಿ, ಬೆಳಕಿಗೆ ಮರುಳಾಗಿ ನಿಂತ ಜಿಂಕೆಗೆ ಗುಂಡಿಡುವುದು ಅಲ್ಲಿಯ ಬೇಟೆಯ ಒಂದು ಕ್ರಮವಾಗಿತ್ತು. ಶಿರಾಸರು ಕೋವಿಯ ಸ್ಥಳದಲ್ಲಿ ಕ್ಯಾಮರಾ ಇರಿಸಿ, ಮದ್ದಿನ ಪುಡಿಯನ್ನು ಮಿಂಚಿಸಿ ಮಿಷಿಗನ್ ಪ್ರಾಂತದ ಸರೋವರಗಳ ದಂಡೆಯಲ್ಲಿ ಜಿಂಕೆಗಳ ಚಿತ್ರ ತೆಗೆದರು. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅವರ 74 ಚಿತ್ರಗಳು ಅಚ್ಚಾದವು. ನಮ್ಮ ನಾಡಿನಲ್ಲಿಯೂ ಸಂಡೂರಿನ ಎಂ. ವೈ. ಘೋರ್ಪಡೆ (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಪ್ಪುಬಿಳುಪಿನ ವನ್ಯಜೀವಿ ಛಾಯಾಗ್ರಹಣದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಗಳಿಸಿದರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರದೂ ಅದೇ ಎತ್ತರದ ಹೆಸರು.

ಒಳ್ಳೆಯ ಚಿತ್ರದ ಮೊದಲ ಸಾಧನ ಪ್ರಾಣಿಯ ಪರಿಚಯ. ನಮ್ಮ ಕಾಡಿನ ಚುಕ್ಕೆಜಿಂಕೆ ಮುಂಜಾನೆ ಮತ್ತು ಸಂಜೆ ಬಯಲಿಗೆ ಬಂದು ಮೇಯುತ್ತದೆ. ನಡುಹಗಲಿನಲ್ಲಿ ನೆರಳು ಸೇರುತ್ತದೆ. ಮರದ ಮೇಲೆ ಮುಸುವಗಳಿದ್ದರೆ ಅವು ಉದುರಿಸಿದ ಎಲೆ ಕಾಯಿಗಳಿಗಾಗಿ ಕೆಳಗೆ ನೆರೆಯುತ್ತದೆ. ಕತ್ತೆತ್ತಿ ಕಿವಿ ನಿಮಿರಿಸಿ, ಮುಂಗಾಲಿನಿಂದ ನೆಲ ತಟ್ಟಿ, ಬಾಲವೆತ್ತಿತೆಂದರೆ ಅದಕ್ಕೆ ಭಯ ಮೂಡಿದೆಯೆಂದು ತಿಳಿಯಬೇಕು. ಆ ಭಯಕ್ಕೆ ನಾವೇ ಕಾರಣರಾದರೆ ಹಿಂದೆ ಸರಿಯುವುದು ಯೋಗ್ಯ. ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗಿದ ಮರಿಯನ್ನು ಕಂಡು, ತಬ್ಬಲಿಯೆಂದು ಬಗೆದು ಮುಟ್ಟಲು ಹೋಗಲೇಬಾರದು. ತಾಯಿಯೇ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಶಿಳ್ಳೆ ಹಾಕಿ, ಕಲ್ಲೆಸೆದು ಜಿಂಕೆಯ ಮುಖ ತಮ್ಮತ್ತ ತಿರುಗುವಂತೆ ಮಾಡುವವರಿದ್ದಾರೆ. ಅಂಥ ಚಿತ್ರದಲ್ಲಿ ಮೂಡುವುದು ಜಿಂಕೆಯ ಸಹಜ ಭಾವವಲ್ಲ, ನಮ್ಮ ಉಪಟಳದ ಫಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯೂ ಅಭಯಾರಣ್ಯದ ಛಾಯಾಗ್ರಹಣದಿಂದ ಪ್ರಾಣಿಗಳಿಗಾಗಲಿ ಅವುಗಳ ನೆಲೆಗಾಗಲಿ ಬಾಧೆಯಾಗಕೂಡದೆಂದು ಹೇಳಿದೆ.

ಇನ್ನು ಚಿತ್ರವನ್ನು ತಿದ್ದುವ ವಿಷಯ. ಇದಕ್ಕೆ ‘ಸಂಪಾದನೆ’ ಎಂಬ ಶಬ್ದವನ್ನೇ ಬಳಸುವುದರಿಂದ, ಗ್ರಂಥಸಂಪಾದನೆಯ ದೃಷ್ಟಾಂತದಿಂದ ಅದನ್ನು ವಿವರಿಸಬಹುದು. ಹಳೆಯ ತಾಳೆಗರಿಯನ್ನು ಕೈಗೆತ್ತಿಕೊಂಡಾಗ ಕಂಟದಿಂದ ಕೊರೆದ ಅಕ್ಷರಗಳು ಮಾಸಿ ಕಣ್ಣಿಗೆ ಕಾಣದಿರುವುದುಂಟು. ಆಗ ಮೆಲ್ಲಗೆ ಧೂಳು ಒರೆಸಿ, ಮಸಿ ಸವರಿ, ಮತ್ತೆ ಒರೆಸುತ್ತಾರೆ. ಮಸಿಯು ಕೊರೆದ ಗೆರೆಗಳಲ್ಲಿ ಮಾತ್ರ ನಿಂತು ಅಕ್ಷರಗಳು ಎದ್ದು ಕಾಣುತ್ತವೆ. ಅಲ್ಲಿ ಹೊಸದಾಗಿ ಏನನ್ನೂ ಬರೆದಂತಾಗಲಿಲ್ಲ, ಇದ್ದುದು ಗೋಚರಿಸಿತು. ಗರಿ ಮುರಿದು ಪದ್ಯದ ಒಂದು ಪಾದ ಲೋಪವಾಗಿದ್ದರೆ ಪ್ರಾಮಾಣಿಕ ಸಂಪಾದಕನು ಅಲ್ಲಿ ಚುಕ್ಕೆಗಳನ್ನಿಟ್ಟು ಬಿಡುತ್ತಾನೆ. ತಾನೇ ಒಂದು ಪಾದವನ್ನು ಹೊಸೆದು ಸೇರಿಸಿದರೆ, ಅದೆಷ್ಟು ಸೊಗಸಾಗಿದ್ದರೂ ಪ್ರಕ್ಷಿಪ್ತವೇ.

ಚಿತ್ರದಲ್ಲಿಯೂ ಹೀಗೆಯೇ. ಜಿಂಕೆಯ ಹಿಂದೆ ದಟ್ಟವಾದ ಕಪ್ಪು ಮರಗಳಿದ್ದರೆ ಕ್ಯಾಮರಾದ ಬೆಳಕಿನ ಮಾಪಕವು ಮೋಸಹೋಗಿ ಚಿತ್ರವನ್ನು ಅತಿಯಾಗಿ ಬೆಳಗಿಸುತ್ತದೆ. ಜಿಂಕೆಯ ಕೊರಳಿನ ಬಿಳುಪು ಸುಣ್ಣ ಬಳಿದಂತೆ ಕಾಣುತ್ತದೆ. ಬಲ್ಲವರು ತೆಗೆಯುವಾಗಲೇ ಬೆಳಕನ್ನು ತುಸು ತಗ್ಗಿಸಿ, ಬಳಿಕ ನೆರಳಿನ ಭಾಗವನ್ನು ತುಸು ಏರಿಸುತ್ತಾರೆ. ಹಿಂದಿನ ಕತ್ತಲೆಕೋಣೆಯಲ್ಲಿ ಬೆಳಕಿನ ಕಿರಣಕ್ಕೆ ಅಂಗೈಯನ್ನೋ ರಟ್ಟಿನ ತುಂಡನ್ನೋ ಅಡ್ಡಹಿಡಿದು ಮಾಡುತ್ತಿದ್ದುದೂ ಇದನ್ನೇ. ಇದು ಗರಿಗೆ ಮಸಿ ಸವರಿದಂತೆ. ಆದರೆ ಕೊಂಬು ಉದುರಿದ ಗಂಡುಜಿಂಕೆಗೆ ಬೇರೊಂದು ಚಿತ್ರದ ಕೊಂಬನ್ನು ತಂದು ಜೋಡಿಸುವುದು ಪ್ರಕ್ಷೇಪ. ಗಂಡುಜಿಂಕೆಯ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ, ಮಖಮಲ್ಲಿನಂಥ ತೊಗಲನ್ನು ಹೊದ್ದು ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಸುರುಳಿಗೊಂಬಾದರೋ ಹೀಗೆ ಉದುರುವುದಿಲ್ಲ. ಕೊಂಬಿಲ್ಲದ ಗಂಡುಜಿಂಕೆಯ ಚಿತ್ರವು ಊನವಾದುದಲ್ಲ, ಋತುಚಕ್ರದ ದಾಖಲೆ. ಬೇಸಿಗೆಯ ಬಂಡೀಪುರದಲ್ಲಿ ಎಲೆ ಉದುರಿ ಹುಲ್ಲು ಒಣಗಿರುವುದೂ ಅಂಥದೇ ದಾಖಲೆ. ಅದಕ್ಕೆ ಹಸಿರು ಬಳಿದರೆ ಕಾಡಿನ ಬರವನ್ನೇ ಮುಚ್ಚಿಟ್ಟಂತಾಯಿತು. ಆ ಹುಲ್ಲನ್ನೇ ನಂಬಿ ಬದುಕಿದ ಜಿಂಕೆಯ ಕಷ್ಟವೂ ಅದರೊಡನೆ ಮರೆಯಾಯಿತು.

ಛಾಯಾಚಿತ್ರಕಲೆಯ ಅಂತರರಾಷ್ಟ್ರೀಯ ಒಕ್ಕೂಟವೂ ಅಮೆರಿಕ ಮತ್ತು ಇಂಗ್ಲೆಂಡಿನ ಪ್ರಮುಖ ಸಂಘಗಳೂ ಕೂಡಿ ನಿಸರ್ಗ ಛಾಯಾಗ್ರಹಣಕ್ಕೆ ಒಪ್ಪಿಕೊಂಡ ನಿಯಮವೂ ಇದನ್ನೇ ಹೇಳುತ್ತದೆ. 2015ರಿಂದ ಆಚರಣೆಗೆ ಬಂದ ಆ ನಿಯಮದಂತೆ ಚಿತ್ರದ ಅಂಚುಗಳನ್ನು ಕತ್ತರಿಸಬಹುದು, ಬೆಳಕನ್ನು ಹದಗೊಳಿಸಬಹುದು, ಧೂಳಿನ ಚುಕ್ಕೆಗಳನ್ನು ಒರೆಸಬಹುದು, ಬಣ್ಣದ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಬಹುದು. ಆದರೆ ಚಿತ್ರದೊಳಗಿನ ಯಾವ ವಸ್ತುವನ್ನೂ ಸೇರಿಸುವುದಾಗಲಿ, ತೆಗೆಯುವುದಾಗಲಿ, ಸ್ಥಳಾಂತರಿಸುವುದಾಗಲಿ ಕೂಡದು. ಆದುದರಿಂದ ಆ ಮಗಳ ಚಿತ್ರದ ಒಣಕಡ್ಡಿ ಅಲ್ಲಿಯೇ ಇರತಕ್ಕದ್ದು.

ಈ ಕಟ್ಟುನಿಟ್ಟು ಏತಕ್ಕೆಂದು ಕೇಳುವವರಿಗೆ ಚೀನಾ ದೇಶದ ಪ್ರಸಂಗವೊಂದು ಉತ್ತರವಾದೀತು. ಟಿಬೆಟ್ಟಿಗೆ ಹೊಸ ರೈಲುಮಾರ್ಗ ತೆರೆದ 2006ರಲ್ಲಿ ಪತ್ರಿಕಾ ಛಾಯಾಗ್ರಾಹಕರೊಬ್ಬರ ಚಿತ್ರವೊಂದು ಬಹು ಪ್ರಸಿದ್ಧವಾಯಿತು. ಸೇತುವೆಯ ಮೇಲೆ ರೈಲು ಧಾವಿಸುತ್ತಿದೆ. ಕೆಳಗೆ ಚಿರು ಎಂಬ ಅಪೂರ್ವ ಹುಲ್ಲೆಗಳ ಹಿಂಡು ನಿರಾತಂಕವಾಗಿ ಸಾಗುತ್ತಿದೆ. ರೈಲಿನಿಂದ ವನ್ಯಜೀವಿಗಳಿಗೆ ಬಾಧೆಯಿಲ್ಲವೆಂಬುದಕ್ಕೆ ಆ ಚಿತ್ರವೇ ಸಾಕ್ಷಿಯೆಂಬಂತೆ ಜನ ಮೆಚ್ಚಿದರು, ಬಹುಮಾನವೂ ಬಂದಿತು. 2008ರಲ್ಲಿ ಸೂಕ್ಷ್ಮದರ್ಶಿಗಳು ಅದರ ಅಂಚಿನಲ್ಲಿ ಎರಡು ಚಿತ್ರಗಳನ್ನು ಬೆಸೆದ ಗೆರೆಯನ್ನು ಗುರುತಿಸಿದರು. ಅಷ್ಟು ಅಂಜುಬುರುಕ ಪ್ರಾಣಿ ರೈಲಿನ ಆರ್ಭಟಕ್ಕೆ ಚದರದೆ ಹೀಗೆ ಸಾಲಾಗಿ ಸಾಗುವುದು ಹೇಗೆಂದು ಬಲ್ಲವರು ಪ್ರಶ್ನಿಸಿದರು. ಜೋಡಣೆಯನ್ನು ಒಪ್ಪಿಕೊಂಡ ಛಾಯಾಗ್ರಾಹಕರು ಕೆಲಸವನ್ನೇ ಬಿಡಬೇಕಾಯಿತು. ಹುಲ್ಲೆಗಳಿಗೆ ರೈಲಿನಿಂದ ನಿಜವಾಗಿ ಏನಾಗುತ್ತಿದೆಯೆಂಬುದನ್ನು ಆ ಚಿತ್ರ ಯಾರಿಗೂ ತಿಳಿಸಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಮರೆಸಿತ್ತು, ಅಷ್ಟೆ.

ರಾಮಾಯಣದ ಮಾಯಾಮೃಗವನ್ನು ಇಲ್ಲಿ ನೆನೆಯದಿರಲಾಗದು. ಹೊನ್ನಿನ ಮೈ, ಬೆಳ್ಳಿಯ ಚುಕ್ಕೆಗಳ ಆ ಜಿಂಕೆಗೆ ಸೀತೆ ಮನಸೋತಳು. ಇಂಥ ಮೃಗ ಲೋಕದಲ್ಲಿಯೇ ಇಲ್ಲವೆಂದು ಸಂಶಯಪಟ್ಟವನು ಲಕ್ಷ್ಮಣ. ಕಾಡಿನಲ್ಲಿ ಬಾಳಿ ನಿಜವಾದ ಜಿಂಕೆಯನ್ನು ದಿನವೂ ಕಾಣುತ್ತಿದ್ದವನಿಗೆ ಅತಿಯಾದ ಸೊಗಸೇ ಸುಳ್ಳಿನ ಗುರುತಾಯಿತು. ನಮ್ಮ ಮಕ್ಕಳಿಗಾದರೋ ಕಾಡಿನ ಪರಿಚಯ ಬಹುಪಾಲು ಚಿತ್ರಗಳಿಂದಲೇ ಆಗುತ್ತಿದೆ. ಮೊದಲಿನಿಂದಲೂ ಹೊಂಬಣ್ಣದ ಜಿಂಕೆಯನ್ನೇ ಕಂಡು ಬೆಳೆದವರಿಗೆ ನಿಜವಾದ ಕಂದುಬಣ್ಣದ ಜಿಂಕೆ ಕಳಾಹೀನವಾಗಿ ತೋರೀತು. ಸುಳ್ಳನ್ನು ಸಂಶಯಿಸುವ ಶಕ್ತಿಯೂ ಕುಂದೀತು. ಈಗಂತೂ ಕ್ಯಾಮರಾ ಇಲ್ಲದೆಯೇ, ಯಂತ್ರಕ್ಕೆ ನಾಲ್ಕು ಮಾತು ಹೇಳಿ ಇಲ್ಲದ ಕಾಡಿನ ಇಲ್ಲದ ಜಿಂಕೆಯನ್ನು ಬರೆಸಬಹುದಾಗಿದೆ. ಆದಕಾರಣ ನಿಜವಾಗಿ ಕಂಡು ತೆಗೆದ ಸಾಧಾರಣ ಚಿತ್ರದ ಬೆಲೆ ಹಿಂದೆಂದಿಗಿಂತಲೂ ಹೆಚ್ಚಾಗಿದೆ.

ಇಷ್ಟರ ಮೇಲೆ, ಚಿತ್ರ ತೆಗೆಯುವ ಕಿರಿಯರಿಗೆ ಹೇಳಬೇಕಾದುದು ಸ್ವಲ್ಪವೇ. ಕ್ಯಾಮರಾ ದಾಖಲಿಸಿದ ರಾ ಕಡತವೇ ನಿಮ್ಮ ಮೂಲಪ್ರತಿ. ಗ್ರಂಥ ಅಚ್ಚಾದ ಮೇಲೂ ತಾಳೆಗರಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡುವಂತೆ ಅದನ್ನು ಕಾಪಾಡಿರಿ. ಸ್ಪರ್ಧೆಯವರು ಪರೀಕ್ಷೆಗೆ ಕೇಳುವುದೂ ಅದನ್ನೇ. ಚಿತ್ರದ ಬೆನ್ನಿಗೆ ತೆಗೆದ ಸ್ಥಳ, ತಿಂಗಳು, ವರ್ಷಗಳನ್ನು ಬರೆದಿಡಿರಿ. ಅಂದಕ್ಕಾಗಿ ಏನನ್ನಾದರೂ ಅಳಿಸಿದ್ದರೆ ಅದನ್ನೂ ಬರೆಯಿರಿ. ಹಾಗೆ ಬರೆದ ಚಿತ್ರವನ್ನು ಮನೆಯ ಗೋಡೆಗೆ ತೂಗುಹಾಕಲು ಯಾರ ಅಡ್ಡಿಯೂ ಇಲ್ಲ. ಮನೆಯ ಹಿರಿಯರು ಮಕ್ಕಳ ಚಿತ್ರವನ್ನು ನೋಡಿ “ಎಷ್ಟು ಚೆನ್ನಾಗಿದೆ” ಎನ್ನುವುದರ ಜೊತೆಗೆ “ಆ ಹೊತ್ತಿನಲ್ಲಿ ಜಿಂಕೆ ಏನು ಮಾಡುತ್ತಿತ್ತು?” ಎಂದೂ ಕೇಳಲಿ. ಮುಖಕ್ಕೆ ಅಡ್ಡಬಂದ ಆ ಒಣಕಡ್ಡಿಯ ಮರೆಯಿಂದ ಜಿಂಕೆ ತನ್ನನ್ನು ನೋಡುತ್ತಿತ್ತೆಂದು ಮಗಳು ಹೇಳಬಲ್ಲಳಾದರೆ, ಅವಳು ಕಾಡನ್ನು ಕಂಡುಬಂದದ್ದು ಸಾರ್ಥಕ.